ಫಿಲ್ಲರ್ ಹಾಕಿಸುವ ಮೊದಲು: ಮುಖದ ತುಂಬು ಮತ್ತು ಅಳತೆಯನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮದುವೆ ಸೀಸನ್ ಹತ್ತಿರ ಬಂದರೆ ದಾವಣಗೆರೆಯ ಸೀರೆ ಅಂಗಡಿಗಳ ಜೊತೆಗೆ ಸ್ಕಿನ್ ಕ್ಲಿನಿಕ್‌ಗಳಿಗೂ ಕೆಲಸ ಜಾಸ್ತಿ. ಅಲ್ಲಿಗೆ ಹೋಗುವ ಹೆಚ್ಚಿನವರು ಚಿಕಿತ್ಸೆಯ ಹೆಸರನ್ನು ಮೊದಲೇ ಹಿಡಿದು ಹೋಗಿರುತ್ತಾರೆ, ಅದರಲ್ಲೂ ಫಿಲ್ಲರ್, ಅಂದರೆ ಬತ್ತಿದ ಜಾಗ ತುಂಬಲು ಚರ್ಮದ ಕೆಳಗೆ ಚುಚ್ಚುವ ಜೆಲ್. "ಕೆನ್ನೆ ಒಳಗೆ ಹೋಗಿದೆ, ಫಿಲ್ಲರ್ ಹಾಕ್ತೀರಾ?" "ತುಟಿ ತೆಳ್ಳಗಿದೆ, ಎಷ್ಟಾಗುತ್ತೆ?" ಮುಖದಲ್ಲಿ ನಿಜವಾಗಿ ಏನು ಬದಲಾಗಿದೆ, ಯಾಕೆ ಬದಲಾಗಿದೆ ಅನ್ನುವ ಮಾತೇ ಬರುವುದಿಲ್ಲ.

ನಾನು ಹೇಳುವುದು ಇಷ್ಟೆ. ವೈದ್ಯರ ಬಳಿ ಹೋಗುವಾಗ ಚಿಕಿತ್ಸೆಯ ಹೆಸರು ಬೇಡ. ಯಾವ ಜಾಗ, ಯಾವಾಗಿನಿಂದ, ಎಷ್ಟು ಬದಲಾಗಿದೆ ಅನ್ನುವ ವಿವರ ಒಯ್ಯಿರಿ. ಕೆನ್ನೆ ಬತ್ತಿದಂತೆ ಕಾಣಲು ಕೊಬ್ಬು ಕರಗಿರಬಹುದು, ದವಡೆ ಹಲ್ಲು ಹೋಗಿರಬಹುದು, ತೂಕ ಇಳಿದಿರಬಹುದು. ಬರೀ ಟ್ಯೂಬ್‌ಲೈಟ್ ಬೆಳಕೂ ಕಾರಣವಾಗಬಹುದು. ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ತಪ್ಪು ಕಾರಣಕ್ಕೆ ಹಾಕಿಸಿದ ಇಂಜೆಕ್ಷನ್ ದುಡ್ಡನ್ನೂ ತಿನ್ನುತ್ತದೆ, ಮುಖವನ್ನೂ ಕೆಡಿಸುತ್ತದೆ.

ಈ ಪರೀಕ್ಷೆಗೆ ಒಂದು ಕನ್ನಡಿ, ಸ್ಕೇಲು, ಕಾಜಲ್ ಪೆನ್ಸಿಲ್, ಮೊಬೈಲ್ ಮತ್ತು ನಿಮ್ಮ ಹಳೆಯ ಫೋಟೋಗಳು ಸಾಕು. ಆದರೆ ಒಂದೇ ದಿನದಲ್ಲಿ ಮುಗಿಸಬೇಡಿ. ರಾತ್ರಿ ಉಪ್ಪು ಜಾಸ್ತಿ ತಿಂದರೆ ಬೆಳಿಗ್ಗೆ ಮುಖ ಊದುತ್ತದೆ. ಮುಟ್ಟಿನ ದಿನಗಳ ಮುಂಚೆಯೂ ಹಾಗೇ. ನಿದ್ದೆ ಕೆಟ್ಟರೆ ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಎರಡು ಮೂರು ವಾರ ಬಿಟ್ಟು ಬಿಟ್ಟು ನೋಡಿದರೆ ಯಾವುದು ದಿನದ ಏರಿಳಿತ, ಯಾವುದು ಉಳಿದುಕೊಂಡ ಬದಲಾವಣೆ ಅಂತ ತಿಳಿಯುತ್ತದೆ.

ಹಂತ 1: ಫೋಟೋ ಸರಿಯಾಗಿ ತೆಗೆಯಿರಿ

ಸೆಲ್ಫಿ ನೋಡಿ ಮುಖದ ಬಗ್ಗೆ ತೀರ್ಮಾನಕ್ಕೆ ಬರಲೇಬೇಡಿ. ಕ್ಯಾಮೆರಾ ಹತ್ತಿರ ಬಂದಷ್ಟೂ ಮುಂದಿರುವ ಮೂಗು ದೊಡ್ಡದಾಗಿ, ಹಿಂದಿರುವ ಕೆನ್ನೆ ಮತ್ತು ಕಿವಿ ಸಣ್ಣದಾಗಿ ಕಾಣುತ್ತವೆ. ಇದನ್ನು ಅಮೆರಿಕದ ವೈದ್ಯರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದ ಫೋಟೋಗಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ದಪ್ಪ ಅಂತ ಕೊರಗುವ ಎಷ್ಟೋ ಹುಡುಗಿಯರು ನಿಜವಾಗಿ ಕೊರಗುತ್ತಿರುವುದು ಲೆನ್ಸಿನ ಬಗ್ಗೆ.

ಬೇರೆಯವರ ಕೈಯಲ್ಲಿ ಮೊಬೈಲ್ ಕೊಡಿ. ಒಂದೂವರೆ ಎರಡು ಮೀಟರ್ ದೂರ ನಿಲ್ಲಿಸಿ, ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಝೂಮ್ ಇಟ್ಟು, ನಿಮ್ಮ ಕಣ್ಣಿನ ಎತ್ತರದಲ್ಲೇ ತೆಗೆಸಿಕೊಳ್ಳಿ. ಬ್ಯೂಟಿ ಮೋಡ್ ಆಫ್ ಇರಲಿ. ಫ್ಲ್ಯಾಶ್ ಬೇಡ. ನಮ್ಮೂರಿನ ಮಧ್ಯಾಹ್ನದ ಬಿಸಿಲು ನೆತ್ತಿ ಮೇಲಿಂದ ಬೀಳುತ್ತದೆ, ಅದರಲ್ಲಿ ಎಂಥವರ ಕಣ್ಣಡಿಯೂ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರ ಸುಮಾರಿಗೆ, ನೇರ ಬಿಸಿಲು ಬೀಳದ ಕಿಟಕಿಗೆ ಮುಖ ಮಾಡಿ ನಿಲ್ಲಿ. ಕೂದಲನ್ನು ಹಿಂದಕ್ಕೆ ಕಟ್ಟಿ. ಮೇಕಪ್ ಬೇಡ. ಸಾಧ್ಯವಾದರೆ ಮೂಗುಬೊಟ್ಟು, ಓಲೆ ತೆಗೆದಿಡಿ. ಒಂದೇ ಕಡೆ ಹೊಳೆಯುವ ಮೂಗುಬೊಟ್ಟು ಕಣ್ಣನ್ನು ಅತ್ತಲೇ ಎಳೆಯುತ್ತದೆ. ಹಣೆಯ ಬೊಟ್ಟು ಸ್ವಲ್ಪ ಸರಿದಿದ್ದರೂ ಮುಖವೇ ಸೊಟ್ಟ ಅನಿಸುತ್ತದೆ.

ನೇರ, ಎರಡೂ ಕಡೆ ಅರ್ಧ ತಿರುಗಿ, ಎರಡೂ ಕಡೆ ಪೂರ್ತಿ ಪಕ್ಕಕ್ಕೆ ತಿರುಗಿ, ಹೀಗೆ ಐದು ಫೋಟೋ ಬೇಕು. ಜೊತೆಗೆ ಹಲ್ಲು ಕಾಣುವಂತೆ ನಕ್ಕಿದ್ದು ಒಂದು. ಪಕ್ಕದ ಫೋಟೋದಲ್ಲಿ ಗಲ್ಲ (ತುಟಿಯ ಕೆಳಗಿನ ಗದ್ದ) ಎತ್ತಲೂ ಬಾರದು, ಇಳಿಸಲೂ ಬಾರದು. ಕಿವಿಯ ರಂಧ್ರದ ಮುಂದಿನ ಉಬ್ಬು ಮತ್ತು ಕಣ್ಣಡಿ ಮೂಳೆಯ ಅಂಚು ಎರಡೂ ಒಂದೇ ಮಟ್ಟದಲ್ಲಿದ್ದರೆ ತಲೆ ನೆಟ್ಟಗಿದೆ ಎಂದರ್ಥ.

ಹಂತ 2: ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿ

ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯವಾದ ಹಂತ. ನಿಮ್ಮ ಮುಖಕ್ಕೆ ಸರಿಯಾದ ಅಳತೆಗೋಲು 20ರಿಂದ 25ನೇ ವಯಸ್ಸಿನ ನಿಮ್ಮದೇ ಮುಖ. ಮದುವೆ ಆಲ್ಬಂ, ಕಾಲೇಜ್ ಐ.ಡಿ., ಹಳೆಯ ಆಧಾರ್ ಕಾರ್ಡಿನ ಫೋಟೋ ಹುಡುಕಿ. ಮದುವೆ ಆಲ್ಬಂನಲ್ಲಿ ಮೇಕಪ್ ದಪ್ಪ ಇರುತ್ತದೆ, ಹಾಗಾಗಿ ಅರಿಶಿನ ಶಾಸ್ತ್ರದ ಫೋಟೋಗಳು ಒಳ್ಳೆಯವು. ಅಲ್ಲಿ ಮುಖ ಇದ್ದ ಹಾಗೇ ಸಿಗುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ: ಈಗ ಕೊರತೆ ಅನಿಸುತ್ತಿರುವುದು ಆಗಲೂ ಹೀಗೇ ಇತ್ತಾ? ಇಪ್ಪತ್ತರಲ್ಲೂ ಗಲ್ಲ ಚಿಕ್ಕದೇ ಆಗಿದ್ದರೆ ಅದು ನಿಮ್ಮ ಮನೆತನದ ಮೂಳೆಯ ರಚನೆ. ಅಮ್ಮನ, ಅಜ್ಜಿಯ, ಸೋದರತ್ತೆಯ ಫೋಟೋದಲ್ಲೂ ಅದು ಸಿಗುತ್ತದೆ. ಇಪ್ಪತ್ತರಲ್ಲಿ ಕೆನ್ನೆ ತುಂಬಿಕೊಂಡಿದ್ದು ಈಗ ಇಲ್ಲದಿದ್ದರೆ ಅದು ಬದಲಾವಣೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಬದಲಾವಣೆ ಯಾವ ವರ್ಷದ ಫೋಟೋದಿಂದ ಶುರುವಾಗಿದೆ ಅಂತಲೂ ಬರೆಯಿರಿ. ಹೆರಿಗೆ, ಕಾಯಿಲೆ, ಹಲ್ಲು ಕೀಳಿಸಿದ್ದು, ಡಯಟ್ ಶುರು ಮಾಡಿದ್ದು, ಇವುಗಳಲ್ಲಿ ಯಾವುದಾದರೂ ಅದೇ ಸಮಯಕ್ಕೆ ಸೇರುತ್ತದಾ ನೋಡಿ. ಕಾರಣ ಬಹಳ ಸಲ ಇಲ್ಲೇ ಸಿಕ್ಕಿಬಿಡುತ್ತದೆ.

ಹಂತ 3: ಅಳತೆ, ಆದರೆ ಹದವಾಗಿ

ನೇರ ಫೋಟೋವನ್ನು ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಕೂದಲು ಶುರುವಾಗುವ ಜಾಗದಿಂದ ಹುಬ್ಬಿನವರೆಗೆ ಒಂದು ಭಾಗ. ಹುಬ್ಬಿನಿಂದ ಮೂಗಿನ ಬುಡದವರೆಗೆ ಇನ್ನೊಂದು. ಅಲ್ಲಿಂದ ಗಲ್ಲದ ತುದಿಯವರೆಗೆ ಮೂರನೆಯದು. ಪುಸ್ತಕದ ಪ್ರಕಾರ ಮೂರೂ ಸಮ. ಅಡ್ಡಕ್ಕೆ ಅಳೆದರೆ ಮುಖದ ಅಗಲ ಐದು ಕಣ್ಣಿನಷ್ಟು, ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನ ಅಗಲದಷ್ಟು ಜಾಗ. ಮೂಗಿನ ಬುಡವೂ ಅಷ್ಟೇ ಅಗಲ.

ಈ ನಿಯಮಗಳು ಯುರೋಪಿನ ಚಿತ್ರಕಾರರ ಕಾಲದಿಂದ ಬಂದವು. ಕೆನಡಾದಲ್ಲಿ ಕೆಲಸ ಮಾಡಿದ ಲೆಸ್ಲಿ ಫರ್ಕಾಸ್ ಎಂಬ ವೈದ್ಯರು ಸಾವಿರಾರು ಮುಖಗಳನ್ನು ಅಳೆದವರು. ಈ ಹಳೆಯ ನಿಯಮಗಳು ಯುರೋಪ್ ಮೂಲದ ಜನರಲ್ಲೇ ಎಷ್ಟೋ ಮಂದಿಗೆ ಹೊಂದುವುದಿಲ್ಲ ಎಂದು 1980ರ ದಶಕದಲ್ಲೇ ತೋರಿಸಿದರು. ನಮ್ಮ ಕಡೆಯ ಮುಖಗಳಲ್ಲಿ ಮೂಗಿನ ಬುಡ ಕಣ್ಣುಗಳ ನಡುವಿನ ಜಾಗಕ್ಕಿಂತ ಅಗಲವಾಗಿರುವುದು ತೀರಾ ಸಾಮಾನ್ಯ. ಅದು ದೋಷವಲ್ಲ. 1.618 ಅನ್ನುವ ಚಿನ್ನದ ಅನುಪಾತ ತೋರಿಸಿ ನಿಮ್ಮ ಮುಖಕ್ಕೆ ಅಂಕ ಕೊಡುವ ಆ್ಯಪ್‌ಗಳನ್ನು ಈ ಕಾರಣಕ್ಕೇ ನಾನು ಯಾರಿಗೂ ಹೇಳುವುದಿಲ್ಲ. ಎಡ ಬಲ ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರ ಮುಖದಲ್ಲೂ ಅದು ಇದ್ದೇ ಇರುತ್ತದೆ.

ಹಾಗಾದರೆ ಅಳೆಯುವುದು ಯಾಕೆ? ಕೆಳಗಿನ ಮೂರನೇ ಒಂದು ಭಾಗಕ್ಕಾಗಿ. ಹಳೆಯ ಫೋಟೋದಲ್ಲಿ ಸಮವಾಗಿದ್ದ ಆ ಭಾಗ ಈಗ ಗಿಡ್ಡವಾಗಿದ್ದರೆ ವಿಷಯ ಹಲ್ಲಿನದು. ಅದಕ್ಕೆ ಐದನೇ ಹಂತದಲ್ಲಿ ಬರುತ್ತೇನೆ.

ಹಂತ 4: ಕೆನ್ನೆ ಮತ್ತು ಕಣ್ಣಡಿ

ಮುಖದ ಕೊಬ್ಬು ಒಂದೇ ಪದರವಾಗಿ ಹರಡಿಕೊಂಡಿಲ್ಲ. ಅದು ಬೇರೆ ಬೇರೆ ಕೋಣೆಗಳಲ್ಲಿ ಕೂತಿದೆ, ಕೆಲವು ಚರ್ಮದ ಹತ್ತಿರ, ಕೆಲವು ಮೂಳೆಯ ಮೇಲೆ. ಅಮೆರಿಕದ ರೋಹ್ರಿಕ್ ಮತ್ತು ಪೆಸ್ಸಾ ಎಂಬ ವೈದ್ಯರು 2007ರಲ್ಲಿ ಇದನ್ನು ವಿವರವಾಗಿ ತೋರಿಸಿದ ಮೇಲೆ ಚಿಕಿತ್ಸೆಯ ರೀತಿಯೇ ಬದಲಾಯಿತು. ವಯಸ್ಸಾದಂತೆ ಎಲ್ಲ ಕೋಣೆಗಳೂ ಒಂದೇ ಸಮ ಖಾಲಿಯಾಗುವುದಿಲ್ಲ. ಕೆನ್ನೆಯ ಒಳಗಿನದು ಬತ್ತಿದರೆ ಅದರ ಮೇಲಿನದು ಆಸರೆ ತಪ್ಪಿ ಕೆಳಗೆ ಜಾರುತ್ತದೆ. ಜೊತೆಗೆ ಕಣ್ಣಿನ ಸುತ್ತಲಿನ ಮೂಳೆಯ ಗೂಡು ನಿಧಾನವಾಗಿ ಅಗಲವಾಗುತ್ತದೆ, ಮೇಲ್ದವಡೆ ಸ್ವಲ್ಪ ಹಿಂದೆ ಸರಿಯುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ಕಡೆಗೆ ಇಳಿಯುವ ಗೆರೆ ಆಳವಾಗುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಗೆರೆ ಕಾಣುವುದು ಕೆಳಗೆ, ಕಾರಣ ಇರುವುದು ಮೇಲೆ. ಮೇಲಿನ ಕಾರಣ ಬಿಟ್ಟು ಗೆರೆಗೇ ಫಿಲ್ಲರ್ ತುಂಬುತ್ತಾ ಹೋದರೆ ಬಾಯಿಯ ಸುತ್ತ ಮುಖ ಭಾರವಾಗುತ್ತದೆ.

ಈಗ ಕಾಜಲ್ ಪೆನ್ಸಿಲ್ ತೆಗೆದುಕೊಳ್ಳಿ. ಕಣ್ಣಿನ ಹೊರ ತುದಿಯಿಂದ ಬಾಯಿಯ ಮೂಲೆಗೆ ಒಂದು ಗೆರೆ. ಮೂಗಿನ ಹೊಳ್ಳೆಯ ಬುಡದಿಂದ ಕಿವಿಯ ಮುಂದಿನ ಉಬ್ಬಿಗೆ ಇನ್ನೊಂದು. ಎರಡೂ ಕೂಡುವ ಜಾಗದಿಂದ ಮೇಲೆ, ಹೊರಗಡೆಯ ಮೂಲೆಯಲ್ಲಿ ಕೆನ್ನೆಯ ಎತ್ತರದ ಬಿಂದು ಇರಬೇಕು. ಅರ್ಧ ತಿರುಗಿದ ಫೋಟೋದಲ್ಲಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಫೋಟೋದಲ್ಲಿ ಅಲ್ಲಿದ್ದ ಉಬ್ಬು ಈಗ ಕೆಳಗಿಳಿದಿದೆಯಾ, ಅಥವಾ ಇಲ್ಲವೇ ಇಲ್ಲವಾ?

ಇದಕ್ಕೆ ಉತ್ತರ ಕೊಡುವ ಸುಲಭದ ಪರೀಕ್ಷೆ ಒಂದಿದೆ. ಅಂಗಾತ ಮಲಗಿ, ಕೈಗನ್ನಡಿಯನ್ನು ಮುಖದ ಮೇಲೆ ಎತ್ತಿ ಹಿಡಿಯಿರಿ. ಮಲಗಿದಾಗ ಸಡಿಲವಾದ ಚರ್ಮ ಕಿವಿಯ ಕಡೆಗೆ ಜಾರುತ್ತದೆ. ಆಗ ಬಾಯಿ ಪಕ್ಕದ ಮಡಿಕೆ, ದವಡೆಯ ಜೋಲು ಮಾಯವಾದರೆ ನಿಮ್ಮದು ಹೆಚ್ಚಾಗಿ ಸಡಿಲದ ಸಮಸ್ಯೆ. ಮಲಗಿದರೂ ಗುಳಿ ಇದ್ದಲ್ಲೇ ಇದ್ದರೆ ಅಲ್ಲಿ ತುಂಬು ಕಡಿಮೆಯಾಗಿದೆ. ಎರಡೂ ಇರುವವರೇ ಜಾಸ್ತಿ, ಆದರೆ ಯಾವುದು ಹೆಚ್ಚು ಅಂತ ತಿಳಿಯುತ್ತದೆ. ಸಡಿಲವಾದ ಚರ್ಮವನ್ನು ಫಿಲ್ಲರ್ ತುಂಬಿ ಎತ್ತಲು ಹೊರಟರೆ ಮುಖ ಊದಿಕೊಂಡ ಹಾಗೆ ಆಗುತ್ತದೆ. ಸಿನಿಮಾ ತಾರೆಯರ ಮುಖ ನೋಡಿ "ಏನೋ ಆಗಿದೆ" ಅನಿಸುವುದು ಬಹಳ ಸಲ ಇದಕ್ಕೇ.

ಕಣ್ಣಡಿಯ ಕಪ್ಪು ಇನ್ನೂ ಗೊಂದಲದ ವಿಷಯ. ಅದರಲ್ಲಿ ಮೂರು ಬಗೆ. ಒಂದು, ಚರ್ಮದ ಬಣ್ಣವೇ ಗಾಢವಾಗಿರುವುದು. ಇನ್ನೊಂದು, ತೆಳು ಚರ್ಮದ ಕೆಳಗೆ ರಕ್ತನಾಳ ನೀಲಿಯಾಗಿ ಕಾಣುವುದು. ಮೂರನೆಯದು, ಗುಳಿ ಬಿದ್ದ ಜಾಗದ ನೆರಳು. ಫಿಲ್ಲರ್ ಏನಾದರೂ ಮಾಡಬಹುದಾಗಿದ್ದರೆ ಅದು ಮುಖ್ಯವಾಗಿ ಮೂರನೆಯದಕ್ಕೆ. ಕಿಟಕಿಗೆ ಮುಖ ಮಾಡಿ, ಗಲ್ಲ ಸ್ವಲ್ಪ ಎತ್ತಿ, ಬೆಳಕು ನೇರವಾಗಿ ಕಣ್ಣಡಿಗೆ ಬೀಳುವಂತೆ ಮಾಡಿ. ಕಪ್ಪು ಹೋದರೆ ನೆರಳು. ಹೋಗದಿದ್ದರೆ ಚರ್ಮವನ್ನು ಬೆರಳಲ್ಲಿ ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಕಂದು ಬಣ್ಣ ಚರ್ಮದ ಜೊತೆಗೇ ಸರಿದರೆ ಅದು ವರ್ಣ. ನೀಲಿ ಇನ್ನೂ ಎದ್ದು ಕಂಡರೆ ರಕ್ತನಾಳ. ನಮ್ಮ ಜನರಲ್ಲಿ ಕಂದು ಬಣ್ಣದ್ದೇ ಬಹಳ ಕಾಣುತ್ತದೆ, ಎಷ್ಟೋ ಸಲ ಮನೆತನದಿಂದ ಬಂದಿರುತ್ತದೆ. ಅಲರ್ಜಿಗೆ ಕಣ್ಣುಜ್ಜುವ ಅಭ್ಯಾಸ ಅದನ್ನು ಹೆಚ್ಚು ಮಾಡುತ್ತದೆ. ಅಂಥವರಿಗೆ ಕಣ್ಣಡಿಗೆ ಫಿಲ್ಲರ್ ಹಾಕಿದರೆ ಕಪ್ಪು ಹಾಗೇ ಉಳಿಯುತ್ತದೆ. ಕಣ್ಣಡಿ ಚೀಲದಂತೆ ಊದಿಕೊಳ್ಳುವವರಿಗಂತೂ ಊತ ಇನ್ನೂ ಹೆಚ್ಚಬಹುದು.

ಹುಬ್ಬಿನ ತುದಿಯ ಆಚೆಗಿನ ಕಣತಲೆಯನ್ನೂ ಒಮ್ಮೆ ನೋಡಿ. ಅಲ್ಲಿ ಗುಳಿ ಬಿದ್ದರೆ ಹುಬ್ಬಿನ ತುದಿ ಇಳಿದಂತೆ, ಮುಖ ಸುಸ್ತಾದಂತೆ ಕಾಣುತ್ತದೆ.

ಬಲಗೆನ್ನೆ ಎಡಗೆನ್ನೆಗಿಂತ ಹೆಚ್ಚು ಸುಕ್ಕಾಗಿದ್ದರೆ, ನೀವು ದಿನವೂ ಕಾರು ಅಥವಾ ಲಾರಿ ಓಡಿಸುವವರಾ? ನಮ್ಮಲ್ಲಿ ಡ್ರೈವರ್‌ನ ಬಲಕ್ಕೆ ಕಿಟಕಿ. ಬಿಸಿಲಿನ ಯುವಿಎ ಕಿರಣ ಸಾಮಾನ್ಯ ಕಿಟಕಿ ಗಾಜನ್ನು ದಾಟಿ ಬರುತ್ತದೆ. ಅಲ್ಲಿ ಕೆಟ್ಟಿರುವುದು ಚರ್ಮ, ತುಂಬು ಅಲ್ಲ. ಅದಕ್ಕೆ ಸನ್‌ಸ್ಕ್ರೀನ್‌ನಿಂದ ಶುರು ಮಾಡಬೇಕು.

ಹಂತ 5: ಬಾಯಿ, ಹಲ್ಲು, ದವಡೆ

ನಮ್ಮ ಜಿಲ್ಲೆಯವರು ಈ ಹಂತವನ್ನು ಬಿಡಲೇಬಾರದು. ಮುಖದ ಕೆಳಭಾಗವನ್ನು ಎತ್ತಿ ಹಿಡಿದಿರುವುದು ಹಲ್ಲು ಮತ್ತು ಅದರ ಸುತ್ತಲಿನ ಮೂಳೆ. ದವಡೆ ಹಲ್ಲು ಕೀಳಿಸಿ ಹಾಗೇ ಬಿಟ್ಟರೆ ಆ ಮೂಳೆ ಕರಗುತ್ತಾ ಬರುತ್ತದೆ. ಹಲ್ಲುಗಳು ಬಹಳ ಹೋಗಿದ್ದರೆ ಗಲ್ಲ ಮೂಗಿನ ಹತ್ತಿರ ಬರುತ್ತದೆ, ತುಟಿ ಒಳಗೆ ಮಡಚುತ್ತದೆ, ಬಾಯಿಯ ಮೂಲೆ ಇಳಿಯುತ್ತದೆ. ಕಂಬ ಮುರಿದ ಚಪ್ಪರಕ್ಕೆ ಹೊಸ ಬಟ್ಟೆ ಹೊದಿಸಿದರೆ ಏನು ಬಂತು? ಮೊದಲು ಹಲ್ಲು ಕಟ್ಟಿಸಿ, ಆಮೇಲೆ ತುಟಿಯ ಕಡೆ ನೋಡಿ. ಸರಿಯಾಗಿ ಕೂತ ಹಲ್ಲಿನ ಸೆಟ್ ಅಥವಾ ಇಂಪ್ಲಾಂಟ್ ಒಂದೇ ಮುಖವನ್ನು ಎಷ್ಟೋ ವರ್ಷ ಹಿಂದಕ್ಕೆ ತರಬಲ್ಲದು. ದಾವಣಗೆರೆಯಲ್ಲೇ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇರುವಾಗ ಈ ತಪಾಸಣೆಗೆ ದೂರ ಹೋಗಬೇಕಿಲ್ಲ.

ಎರಡನೆಯದು ಅಡಿಕೆ. ಚನ್ನಗಿರಿ ಕಡೆಯ ತೋಟಗಳಿಂದ ಬದುಕುವ ಜಿಲ್ಲೆ ನಮ್ಮದು, ಆದರೂ ಹೇಳಲೇಬೇಕು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ನಾರುಗಟ್ಟುವ ಕಾಯಿಲೆ ಬರುತ್ತದೆ. ಕೆನ್ನೆ ಬಿಗಿಯಾಗಿ ಒಳಗೆಳೆದಂತೆ ಕಾಣಬಹುದು. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಅಥವಾ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಈಚೆಗೆ ಬಾಯಿ ತಡೆಯಲಾರದಷ್ಟು ಉರಿಯುತ್ತಿದ್ದರೆ, ತಡಮಾಡದೆ ದಂತವೈದ್ಯರಿಗೆ ತೋರಿಸಿ. ಈ ಕಾಯಿಲೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇದೆ. ಸೌಂದರ್ಯದ ಮಾತು ಆಮೇಲೆ.

ಇನ್ನೊಂದು ಫ್ಲೋರೈಡ್. ಚಿತ್ರದುರ್ಗ, ದಾವಣಗೆರೆ ಕಡೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬಾಲ್ಯದಲ್ಲಿ ಆ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಉಳಿದಿರುತ್ತದೆ. ಅವರು ತುಟಿ ಬಿಗಿ ಹಿಡಿದೇ ನಗುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಆಮೇಲೆ ಫೋಟೋ ನೋಡಿ ತುಟಿಯೇ ತೆಳ್ಳಗಿದೆ ಅಂದುಕೊಳ್ಳುತ್ತಾರೆ. ನಕ್ಕ ಫೋಟೋ ಬೇಕು ಅಂದಿದ್ದು ಇದಕ್ಕೇ. ಕಲೆಗೆ ದಂತವೈದ್ಯರಲ್ಲಿ ಬೇರೆಯೇ ಪರಿಹಾರಗಳಿವೆ.

ದವಡೆ ಒಂದು ಕಡೆ ಅಗಲವಾಗಿದ್ದರೆ ಹಲ್ಲು ಕಚ್ಚಿ ಹಿಡಿದು, ಕಿವಿಯ ಕೆಳಗೆ ಬೆರಳಿಟ್ಟು ನೋಡಿ. ಗಟ್ಟಿಯಾಗಿ ಉಬ್ಬಿದರೆ ಅದು ಜಗಿಯುವ ಸ್ನಾಯು. ಒಂದೇ ಕಡೆ ಜಗಿಯುವವರಲ್ಲಿ, ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಅದು ಬೆಳೆದಿರುತ್ತದೆ.

ಪಕ್ಕದ ಫೋಟೋದಲ್ಲಿ ಮೂಗಿನ ತುದಿಯಿಂದ ಗಲ್ಲಕ್ಕೆ ಒಂದು ಗೆರೆ ಎಳೆದು, ತುಟಿ ಅದಕ್ಕಿಂತ ಎಷ್ಟು ಹಿಂದಿದೆ ಅಂತ ನೋಡುವ ಕ್ರಮವಿದೆ. ನಮ್ಮ ತುಟಿಗಳು ಆ ಗೆರೆಯನ್ನು ಮುಟ್ಟುವುದು, ಸ್ವಲ್ಪ ದಾಟುವುದು ಸಹಜ. ಗಲ್ಲ ತೀರಾ ಹಿಂದಿದ್ದು, ಮೇಲಿನ ಹಲ್ಲು ಮುಂದಿದ್ದರೆ ಮೊದಲು ವಕ್ರದಂತ ತಜ್ಞರನ್ನು ಕೇಳಿ.

ಹಂತ 6: ತೂಕ, ಔಷಧಿ, ಕ್ರೀಮು

ಕಳೆದ ಒಂದೆರಡು ವರ್ಷದ ತೂಕವನ್ನು ಬರೆಯಿರಿ. ಬೇಗ ತೂಕ ಇಳಿಸಿದರೆ ಮುಖ ಬತ್ತುವುದು ಎದ್ದು ಕಾಣುತ್ತದೆ. ಈಗ ತೂಕ ಇಳಿಸುವ ಇಂಜೆಕ್ಷನ್‌ಗಳೂ ಬಂದಿವೆ. ತೂಕ ಇನ್ನೂ ಇಳಿಯುತ್ತಿರುವಾಗ ಮುಖಕ್ಕೆ ಏನೂ ಮಾಡಿಸಬೇಡಿ, ಅದು ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಲ್ಲಲಿ. ಏನೂ ಪ್ರಯತ್ನ ಮಾಡದೆ ತೂಕ ಇಳಿದಿದ್ದರೆ ಸಕ್ಕರೆ, ಥೈರಾಯ್ಡ್, ಕ್ಷಯ ಇವುಗಳ ಪರೀಕ್ಷೆ ಮೊದಲು. ಮುಖ ಊದಿ, ಹುಬ್ಬಿನ ಹೊರ ತುದಿಯ ಕೂದಲು ಉದುರಿದ್ದರೆ ಥೈರಾಯ್ಡ್ ಕಡಿಮೆ ಇರಬಹುದು. ಬಹಳ ದಿನ ಸ್ಟಿರಾಯ್ಡ್ ಮಾತ್ರೆ ನುಂಗಿದವರ ಮುಖ ದುಂಡಗಾಗುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತಂದ "ಬೆಳ್ಳಗಾಗುವ" ಕ್ರೀಮು ಮನೆಯಲ್ಲಿದ್ದರೆ ಟ್ಯೂಬಿನ ಹಿಂಭಾಗ ಓದಿ. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ. ಒಮ್ಮೆಲೇ ನಿಲ್ಲಿಸಿದರೂ ಉರಿ ಕೆರಳುತ್ತದೆ. ಟ್ಯೂಬನ್ನೇ ಹಿಡಿದು ಚರ್ಮವೈದ್ಯರ ಬಳಿ ಹೋಗಿ.

ಕೆಲವು ಬದಲಾವಣೆಗಳಿಗೆ ಅಳತೆ, ಫೋಟೋ ಏನೂ ಬೇಡ. ಬಾಯಿ ಒಂದು ಕಡೆಗೆ ಇದ್ದಕ್ಕಿದ್ದಂತೆ ಸೊಟ್ಟಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಪಾರ್ಶ್ವವಾಯು ಇರಬಹುದು. ಕೆನ್ನೆಯಲ್ಲೋ ಕಿವಿಯ ಮುಂದೆಯೋ ಹೊಸ ಗಡ್ಡೆ ಕಂಡರೆ, ಒಂದೇ ಕಡೆಯ ಕೆನ್ನೆ ಬತ್ತುತ್ತಾ ಹೋದರೆ ಅದನ್ನೂ ವೈದ್ಯರೇ ನೋಡಬೇಕು.

ಮನಸ್ಸಿನ ಬಗ್ಗೆಯೂ ಅಷ್ಟೇ ಕಾಳಜಿ ಇರಲಿ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುತ್ತಿದ್ದರೆ, ಬೇರೆ ಯಾರಿಗೂ ಕಾಣದ ಕೊರತೆಗಾಗಿ ಮದುವೆ ಮುಂಜಿ ತಪ್ಪಿಸುತ್ತಿದ್ದರೆ, ಒಂದು ಚಿಕಿತ್ಸೆ ಆದ ಕೂಡಲೇ ಮುಖದ ಇನ್ನೊಂದು ಜಾಗ ಕಾಡುತ್ತಿದ್ದರೆ, ಇಂಜೆಕ್ಷನ್‌ನಿಂದ ಸಮಾಧಾನ ಸಿಗುವುದು ಕಷ್ಟ. ಇದು ಗುರುತಿಸಿ ಗುಣಪಡಿಸಬಹುದಾದ ತೊಂದರೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹುಡುಗನ ಕಡೆಯವರು ಏನೋ ಅಂದರು ಅಂತ ಅಳುತ್ತಾ ಬಂದ ಹುಡುಗಿಯನ್ನು ಅದೇ ವಾರ ಕ್ಲಿನಿಕ್‌ಗೆ ಕರೆದೊಯ್ಯುವ ಮನೆಯವರಿಗೂ ನನ್ನದೊಂದು ಕೋರಿಕೆ: ದಯವಿಟ್ಟು ಬೇಡ. ಅವಳೇ ಕೇಳುವವರೆಗೆ ಕಾಯಿರಿ.

ಹಂತ 7: ವೈದ್ಯರ ಬಳಿ

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಕೈಯಲ್ಲಿ ಒಂದು ಹಾಳೆ ಇರುತ್ತದೆ. "ಎಡಗೆನ್ನೆ, ಮೂರು ವರ್ಷದಿಂದ, ಮಲಗಿದರೂ ಗುಳಿ ಇದೆ, ತೂಕ ಬದಲಾಗಿಲ್ಲ, ಹಲ್ಲು ಸರಿಯಿದೆ." ಈ ಒಂದು ಸಾಲು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಜೊತೆಗೆ ನುಂಗುವ ಎಲ್ಲ ಮಾತ್ರೆಗಳ ಹೆಸರು, ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಅದು, ತುಟಿ ಮೇಲೆ ಪದೇ ಪದೇ ಸರ್ಪಸುತ್ತಿನಂಥ ಗುಳ್ಳೆ ಏಳುತ್ತಿದ್ದರೆ ಅದು, ಹಿಂದೆ ಹಾಕಿಸಿದ ಇಂಜೆಕ್ಷನ್‌ಗಳು, ಎಲ್ಲವನ್ನೂ ಹೇಳಿ. ಗರ್ಭಿಣಿಯರು, ಹಾಲುಣಿಸುವವರು ಫಿಲ್ಲರ್ ವಿಷಯ ಮುಂದೂಡಬೇಕು.

ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿಗೇ ಹೋಗಿ. ಬ್ಯೂಟಿ ಪಾರ್ಲರ್‌ನಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಡಿ, ಎಷ್ಟೇ ಕಡಿಮೆ ದುಡ್ಡಾದರೂ ಸರಿ. ಖಾಸಗಿ ಕ್ಲಿನಿಕ್‌ಗೆ ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು. ಆ ಪ್ರಮಾಣಪತ್ರ ಮತ್ತು ವೈದ್ಯರ ನೋಂದಣಿ ಸಂಖ್ಯೆ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಫಿಲ್ಲರ್ ಬೇಕು ಎಂದೇ ತೀರ್ಮಾನವಾದರೆ ಹೈಲುರಾನಿಕ್ ಆ್ಯಸಿಡ್ ಬಗೆಯದ್ದೇ ಕೇಳಿ. ಹೈಲುರಾನಿಡೇಸ್ ಎಂಬ ಔಷಧಿ ಚುಚ್ಚಿ ಅದನ್ನು ಕರಗಿಸಬಹುದು. ಒಂದು ಸಿರಿಂಜ್‌ನಲ್ಲಿ ಸಾಮಾನ್ಯವಾಗಿ 1 ಮಿಲಿ ಇರುತ್ತದೆ, ಅಂದರೆ ಟೀ ಚಮಚದ ಐದನೇ ಒಂದು ಭಾಗ. ಒಂದರಲ್ಲೇ ಇಡೀ ಮುಖ ತುಂಬುತ್ತದೆ ಅಂದುಕೊಳ್ಳಬೇಡಿ. ಮೊದಲ ಭೇಟಿಯಲ್ಲೇ ನಾಲ್ಕೈದು ಸಿರಿಂಜ್ ಹಾಕೋಣ ಅನ್ನುವವರ ಮಾತಿಗೆ ಒಪ್ಪಲೂ ಬೇಡಿ. ಸ್ವಲ್ಪ ಹಾಕಿಸಿ, ಕೆಲವು ವಾರ ಬಿಟ್ಟು ನೋಡಿ. ಜಾಗ, ಉತ್ಪನ್ನದ ಮೇಲೆ ಅದು ಆರು ತಿಂಗಳಿಂದ ಒಂದೂವರೆ ವರ್ಷ ಉಳಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಮದುವೆಗಾಗಿ ಮಾಡಿಸುವವರು ಕಡೇ ವಾರಕ್ಕೆ ಇಟ್ಟುಕೊಳ್ಳಲೇಬಾರದು. ಊತ, ನೀಲಿಗಟ್ಟುವುದು ಇಳಿಯಲು ಸಮಯ ಬೇಕು.

ಅಪರೂಪವಾದರೂ ದೊಡ್ಡ ಅಪಾಯ ಒಂದಿದೆ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣಿನ ದೃಷ್ಟಿಯೇ ಹೋಗಬಹುದು. ಆದ್ದರಿಂದ ಎರಡು ಪ್ರಶ್ನೆ ಕೇಳದೆ ಕುರ್ಚಿಯಲ್ಲಿ ಕೂರಬೇಡಿ. ಹೈಲುರಾನಿಡೇಸ್ ಈಗಲೇ ಕ್ಲಿನಿಕ್‌ನಲ್ಲಿ ಇದೆಯಾ? ರಾತ್ರಿ ತೊಂದರೆಯಾದರೆ ಯಾರು ನೋಡುತ್ತಾರೆ? ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದು ಹೋಗುವ ವೈದ್ಯರಾದರೆ ಎರಡನೇ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗಲೇಬೇಕು. ನೀವೇ ಬೆಂಗಳೂರಿಗೆ ಹೋಗಿ ಮಾಡಿಸಿದರೆ ಅದೇ ದಿನ 260 ಕಿ.ಮೀ. ಬಸ್ಸಿನಲ್ಲಿ ವಾಪಸ್ ಬರಬೇಡಿ, ಒಂದೆರಡು ದಿನ ಅಲ್ಲೇ ಉಳಿಯಿರಿ. ತಡೆಯಲಾರದ ನೋವು, ಚರ್ಮ ಬಿಳಿಚಿಕೊಳ್ಳುವುದು, ಬಲೆಯಂತೆ ನೀಲಿ ಮಚ್ಚೆ, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಗಲೇ ಹೊರಡಬೇಕು.

ಸಿರಿಂಜ್ ಪ್ಯಾಕನ್ನು ನಿಮ್ಮ ಕಣ್ಣ ಮುಂದೆಯೇ ಒಡೆಸಿ. ಅದರ ಮೇಲಿನ ಸ್ಟಿಕ್ಕರ್‌ನಲ್ಲಿ ಉತ್ಪನ್ನದ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದನ್ನು ಬಿಡಿಸಿ ನಿಮ್ಮ ಹಾಳೆಗೇ ಅಂಟಿಸಿಕೊಳ್ಳಿ. ಯಾವ ಜಾಗಕ್ಕೆ ಎಷ್ಟು ಮಿಲಿ ಹಾಕಿದರು ಅಂತ ವೈದ್ಯರ ಕೈಯಲ್ಲೇ ಪಕ್ಕದಲ್ಲಿ ಬರೆಸಿ. ಮುಂದೆ ಬೇರೆ ಯಾವ ವೈದ್ಯರ ಬಳಿ ಹೋದರೂ, ಹಲ್ಲಿಗೆ ತೋರಿಸಿದರೂ, ಮುಖದ ಸ್ಕ್ಯಾನ್ ಮಾಡಿಸಿದರೂ ಮೊದಲು ಆ ಹಾಳೆಯನ್ನು ತೋರಿಸಿ.